ಮಾತ್ರೆ ಹೆಚ್ಚಾದಾಗ ಬೆಳಗಿನವರೆಗೆ ಕಾಯಬೇಡಿ

ಮಾನ್ಯರೇ,

ಮಾತ್ರೆ ಹೆಚ್ಚಾಗಿ ನುಂಗಿದವರನ್ನು ‘ಚೆನ್ನಾಗಿಯೇ ಮಾತಾಡ್ತಿದ್ದಾರಲ್ಲ, ಬೆಳಿಗ್ಗೆ ನೋಡೋಣ’ ಎಂದು ಮನೆಯಲ್ಲೇ ಉಳಿಸಿಕೊಳ್ಳುವವರಿದ್ದಾರೆ. ಪ್ಯಾರಾಸಿಟಮಾಲ್ ವಿಷಯದಲ್ಲಂತೂ ಇದು ಪ್ರಾಣಕ್ಕೇ ಎರವಾಗಬಹುದು. ಮೊದಲ 24 ಗಂಟೆ ಒಂದಿಷ್ಟು ವಾಕರಿಕೆ, ವಾಂತಿ. ಕೆಲವರಿಗೆ ಅದೂ ಇಲ್ಲ. ಬಲಪಕ್ಕೆಯ ಕೆಳಗಿನ ನೋವು, ಕಾಮಾಲೆ ಕಾಣಿಸಿಕೊಳ್ಳುವ ಹೊತ್ತಿಗೆ ಯಕೃತ್ತು ಹಾಳಾಗಿರುತ್ತದೆ. ಇದರ ಪ್ರತ್ಯೌಷಧ ಅಸಿಟೈಲ್‌ಸಿಸ್ಟೀನ್. ನುಂಗಿದ 8 ಗಂಟೆಯೊಳಗೆ ಶುರುಮಾಡಿದರೆ ಯಕೃತ್ತನ್ನು ಬಹುಪಾಲು ಉಳಿಸಬಹುದು. ತಡವಾಗಿ ಬಂದವರಿಗೂ ಕೊಡುತ್ತೇವೆ, ಫಲ ಮಾತ್ರ ಅಷ್ಟಿರುವುದಿಲ್ಲ. ರಕ್ತದಲ್ಲಿ ಔಷಧದ ಪ್ರಮಾಣ ನೋಡುವುದಕ್ಕೂ ನುಂಗಿ 4 ಗಂಟೆ ಕಳೆದಿರಬೇಕು. ಹಾಗಾಗಿ ‘ಎಷ್ಟು ಹೊತ್ತಿಗೆ ನುಂಗಿದರು’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬೇಕೇ ಬೇಕು. ಖಾಲಿ ಸ್ಟ್ರಿಪ್‌ಗಳನ್ನೂ, ಮನೆಯಲ್ಲಿರುವ ಬೇರೆಯವರ ಮಾತ್ರೆಗಳನ್ನೂ ಜೊತೆಗೆ ತನ್ನಿ.

ನಿದ್ರೆ ಬರಿಸುವಂಥ ಬಲವಾದ ನೋವುನಿವಾರಕ, ಅಂದರೆ ಮಾರ್ಫಿನ್, ಟ್ರಮಡಾಲ್ ಜಾತಿಯವು, ಹೆಚ್ಚಾದರೆ ಉಸಿರೇ ನಿಧಾನವಾಗುತ್ತದೆ. ಕಣ್ಣಿನ ಪಾಪೆ ಸಾಮಾನ್ಯವಾಗಿ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಅಲುಗಾಡಿಸಿದರೂ ಎಚ್ಚರವಾಗುವುದು ಕಷ್ಟ. ಇಲ್ಲಿ ಸಹೋದ್ಯೋಗಿಗಳಿಗೂ ಒಂದು ಮಾತು: ಆಕ್ಸಿಜನ್ ಹಾಕಿದ ಮೇಲೆ ಬೆರಳಿನ ಆಕ್ಸಿಮೀಟರ್ ತೋರಿಸುವ 98ನ್ನು ನಂಬಿ ಕೂರಬೇಡಿ. ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಆ ಅಂಕಿ ಇಳಿಯದಿರಬಹುದು. ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 12ಕ್ಕಿಂತ ಕಡಿಮೆಯಾದರೆ ಎಚ್ಚರ. ಇವುಗಳ ಪ್ರತ್ಯೌಷಧವಾದ ನಲಾಕ್ಸೋನ್ ಕೊಟ್ಟ ತಕ್ಷಣ ಕಣ್ಣು ಬಿಟ್ಟರೂ ಮನೆಗೆ ಕಳಿಸುವಂತಿಲ್ಲ. ಅದರ ಪ್ರಭಾವ 30ರಿಂದ 90 ನಿಮಿಷ, ನುಂಗಿದ ಔಷಧದ್ದು ಅದಕ್ಕಿಂತ ಹೆಚ್ಚು.

ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆ ಮಾತ್ರೆಯದೂ ಇದೇ ಕಥೆ. ರಕ್ತದ ಸಕ್ಕರೆ ಕುಸಿದು ಬರುವ ಮೈಯೆಲ್ಲ ಬೆವರು, ತೊದಲು, ಗಲಿಬಿಲಿ ಕಂಡು ಕುಡಿದಿದ್ದಾರೆಂದೋ ಪಾರ್ಶ್ವವಾಯು ಎಂದೋ ಭಾವಿಸುತ್ತಾರೆ. ಬೆರಳು ಚುಚ್ಚಿ ಸಕ್ಕರೆ ನೋಡಲು ಒಂದು ನಿಮಿಷ ಸಾಕು. ಗ್ಲೂಕೋಸ್ ಏರಿಸಿದೊಡನೆ ಎದ್ದು ಕೂರುತ್ತಾರೆ, ಕೆಲವೇ ಗಂಟೆಗಳಲ್ಲಿ ಸಕ್ಕರೆ ಮತ್ತೆ ಕುಸಿಯಬಹುದು. ಕನಿಷ್ಠ ಒಂದು ದಿನವಾದರೂ ಆಸ್ಪತ್ರೆಯಲ್ಲಿರಬೇಕು.

ಮನೆಯವರು ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ. ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಬೇಕೆಂದೇ ನುಂಗಿದ್ದಾರೆ ಎಂಬ ಅನುಮಾನವಿದ್ದರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಿಬಿಡಿ, ನುಂಗಿದವರನ್ನು ಬೈಯಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

– ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಮತ್ತು ಶುಶ್ರೂಷಕರು