ಆಸ್ಪತ್ರೆಯ ನಕ್ಷೆಯನ್ನು ಒಮ್ಮೆ ಮಲಗಿ ನೋಡಿ

ಮಾನ್ಯ ಸಂಪಾದಕರೇ,

ಹೊಸ ಆಸ್ಪತ್ರೆ ಶುರುವಾದಾಗ ಎಷ್ಟು ಹಾಸಿಗೆ, ಎಂಥ ಸ್ಕ್ಯಾನಿಂಗ್ ಯಂತ್ರ ಅನ್ನುವ ವಿವರ ಸುದ್ದಿಯಲ್ಲಿ ತಪ್ಪದೆ ಇರುತ್ತದೆ. ಆ ಹಾಸಿಗೆಯಲ್ಲಿ ಮಲಗಿದವರಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂಬ ಮಾತು ಬರುವುದೇ ಇಲ್ಲ. ಕಟ್ಟಡ ಮೆಚ್ಚುವವರು ನಿಂತು ನೋಡುತ್ತಾರೆ. ಅದರಲ್ಲಿ ದಿನ ಕಳೆಯುವವರು ಮಲಗಿರುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ.

ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆಗಳನ್ನು ಅವರು ಹೋಲಿಸಿದ್ದರು. ಅರ್ಧ ಜನರ ಕಿಟಕಿಯಾಚೆ ಮರಗಳು, ಉಳಿದರ್ಧ ಜನರಿಗೆ ಬರೀ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಎಂಟು ದಿನದೊಳಗೆ ಮನೆಗೆ ಹೋದರು, ಗೋಡೆಯ ಕಡೆಯವರಿಗೆ 8.7 ದಿನ ಬೇಕಾಯಿತು. ಜೋರು ನೋವಿನ ಔಷಧಿಯೂ ಮೊದಲಿನವರಿಗೆ ಕಡಿಮೆ ಸಾಕಾಯಿತು. ಸಣ್ಣ ಅಧ್ಯಯನ, ಒಪ್ಪೋಣ. ಆದರೆ ಕಿಟಕಿಯನ್ನು ಎಲ್ಲೋ ಒಂದು ಕಡೆ ಇಡಲೇಬೇಕಲ್ವಾ? ಅದನ್ನು ಮರದ ಕಡೆಗೆ ಇಡಲು ಇಷ್ಟು ಸುಳಿವು ಸಾಲದೇ?

ಇದಕ್ಕೂ ಅರ್ಧ ಶತಮಾನ ಮೊದಲೇ, 1933ರಲ್ಲಿ, ಫಿನ್‌ಲೆಂಡ್‌ನ ಪೈಮಿಯೊದಲ್ಲಿ ಕ್ಷಯರೋಗಿಗಳ ಆಸ್ಪತ್ರೆ ತೆರೆಯಿತು. ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಕೋಣೆಗಳನ್ನು ರೂಪಿಸಿದ್ದು ಮಲಗಿದವರ ಕಣ್ಣಿನಿಂದ. ಕಣ್ಣಿಗೆ ಹಿತವಾಗಲೆಂದು ಚಾವಣಿಗೆ ಗಾಢ ಬಣ್ಣ ಹಾಕಿಸಿದರು. ದೀಪ ನೇರ ಕಣ್ಣಿಗೆ ಹೊಡೆಯದಂತೆ ಇಟ್ಟರು. ನಲ್ಲಿ ಬಿಟ್ಟಾಗ ಪಕ್ಕದವರಿಗೆ ಎಚ್ಚರವಾಗಬಾರದೆಂದು, ನೀರು ಓರೆಯಾಗಿ ಬಿದ್ದು ಸದ್ದು ಕಡಿಮೆಯಾಗುವಂಥ ಬೇಸಿನ್ ಮಾಡಿದರು. ಬೇಸಿನ್ ತನಕ ಯೋಚನೆ! ನಮ್ಮ ಕಾಲದ ವಾರ್ಡುಗಳಲ್ಲಿ ಸ್ಟ್ರೆಚರ್ ಮೇಲೆ ಹೋಗುವವರ ಮುಖಕ್ಕೇ ಟ್ಯೂಬ್‌ಲೈಟ್ ಸಾಲು ಉರಿಯುತ್ತಿರುತ್ತದೆ.

ಸದ್ದಿನ ಕಥೆ ಇನ್ನೂ ಕಷ್ಟದ್ದು. ರಾತ್ರಿ ವಾರ್ಡಿನೊಳಗೆ ಶಬ್ದ 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಪಿಸುಮಾತಿನಷ್ಟು. ಟ್ರಾಲಿ ಚಕ್ರ, ಮಾನಿಟರ್ ಅಲಾರಂ, ಬಾಗಿಲು ಬಡಿಯುವುದು, ಇವುಗಳ ನಡುವೆ ಅದು ಎಲ್ಲಿ ಸಾಧ್ಯ? ನಿದ್ದೆ ಕೆಟ್ಟರೆ ನೋವು ಜಾಸ್ತಿ ಅನಿಸುತ್ತದೆ. ವಯಸ್ಸಾದವರಿಗೆ ಕೆಲವೊಮ್ಮೆ ಗೊಂದಲ ಶುರುವಾಗಿ ತಾವೆಲ್ಲಿದ್ದೇವೆ ಅನ್ನುವುದೇ ಮರೆಯುತ್ತದೆ. ಅವರೇ ರಾತ್ರಿ ಎದ್ದು ಶೌಚಾಲಯ ಹುಡುಕುತ್ತಾ ಬೀಳುವುದು. ಹಾಸಿಗೆಯಿಂದ ಶೌಚಾಲಯದವರೆಗೆ ಒಂದು ಹಿಡಿಕಂಬಿ, ನೆಲದ ಹತ್ತಿರ ಮಂದ ದೀಪ ಇದ್ದರೆ ಎಷ್ಟೋ ಮೂಳೆಗಳು ಉಳಿಯುತ್ತವೆ.

ಪ್ರತಿಯೊಬ್ಬರಿಗೂ ಪ್ರತ್ಯೇಕ ಕೋಣೆ ಕೊಟ್ಟರೆ ಸೋಂಕು ಹರಡುವುದು ಕಡಿಮೆಯಾಗುತ್ತದೆ, ನಿಜ. ಆದರೆ ಖರ್ಚು ಜಾಸ್ತಿ, ಕೆಲವರಿಗೆ ಒಂಟಿತನವೂ ಕಾಡುತ್ತದೆ. ಆ ಚರ್ಚೆ ಬೇರೆಯೇ ಆಗಲಿ.

ನನ್ನ ಬೇಡಿಕೆ ಚಿಕ್ಕದು. ನಕ್ಷೆಗೆ ಒಪ್ಪಿಗೆ ಕೊಡುವ ಮುಂಚೆ ಒಂದು ಮಾದರಿ ಕೋಣೆ ಕಟ್ಟಿ, ಸಹಿ ಹಾಕುವವರು ಒಂದು ರಾತ್ರಿ ಅಲ್ಲಿ ಮಲಗಲಿ. ಜೊತೆಗೆ ದಾದಿಯರನ್ನೂ ರೋಗಿಗಳನ್ನೂ ಕೇಳಲಿ. ಹಳೆಯ ವಾರ್ಡುಗಳಲ್ಲಿ ಸದ್ಯಕ್ಕೆ ಟ್ರಾಲಿಗಳಿಗೆ ರಬ್ಬರ್ ಚಕ್ರ ಹಾಕಿಸಿ, ಮಲಗಿದವರ ಕೈಗೆ ಎಟಕುವಂತೆ ದೀಪದ ಸ್ವಿಚ್ ಕೊಡಿಸಿದರೂ ಸಾಕು.

– ಒಬ್ಬ ಓದುಗ