ಇಂಗುಗುಂಡಿಗಿಂತ ಮೊದಲು ದರಗು ಉಳಿಯಲಿ

ಮಾನ್ಯ ಸಂಪಾದಕರೇ,

2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿತ್ತು. 2023ರಲ್ಲಿ ಇದೇ ಜಿಲ್ಲೆಯ ತಾಲ್ಲೂಕುಗಳು ಬರಪೀಡಿತ ಪಟ್ಟಿ ಸೇರಿದವು. ಆ ವರ್ಷ ಮಳೆ ಕೈಕೊಟ್ಟಿದ್ದು ನಿಜ. ಆದರೆ ಒಳ್ಳೆಯ ಮಳೆಯಾದ ವರ್ಷವೂ ಬೇಸಿಗೆಗೆ ಮುಂಚೆಯೇ ಗುಡ್ಡದ ಒರತೆಯಿಂದ ಹರಿದು ಬರುವ ಅಬ್ಬಿ ನೀರು ನಿಲ್ಲುತ್ತಿದ್ದರೆ ಕಾರಣವನ್ನು ಗುಡ್ಡದ ಮೇಲೆ ಹುಡುಕಬೇಕು.

ಕಾನಿನೊಳಗೆ, ಅಂದರೆ ದಟ್ಟ ಕಾಡಿನೊಳಗೆ, ದರಗು (ನೆಲಕ್ಕೆ ಉದುರಿದ ಎಲೆ) ಸರಿಸಿ ನೋಡಿ. ಮೇಲೆ ಒಣಗಿದ ಎಲೆ, ಅದರಡಿ ಅರ್ಧ ಕೊಳೆತದ್ದು, ಅದರಡಿ ಬೆರಳು ಸಲೀಸಾಗಿ ಇಳಿಯುವ ಕಪ್ಪು ಮಣ್ಣು. ಎರೆಹುಳು, ಗೆದ್ದಲು, ಸತ್ತ ಬೇರುಗಳು ಬಿಟ್ಟುಹೋದ ತೂತುಗಳೇ ಮಳೆ ನೀರಿಗೆ ದಾರಿ. ಮರ ಕಡಿದು ದರಗು ಗುಡಿಸಿದ ಕಡೆ ಹನಿ ನೇರವಾಗಿ ಮಣ್ಣಿಗೇ ಬಡಿಯುತ್ತದೆ. ಎದ್ದ ನುಣ್ಣನೆಯ ಮಣ್ಣು ಆ ತೂತುಗಳನ್ನೇ ಮುಚ್ಚುತ್ತದೆ. ಇಂಗಿ ಬೇಸಿಗೆಯಲ್ಲಿ ಒರತೆಯಾಗಬೇಕಿದ್ದ ನೀರು ಆ ಹೊತ್ತಿಗೇ ಕೆಂಪಾಗಿ ಹಳ್ಳ ಸೇರುತ್ತದೆ. ಜೊತೆಗೆ ಬಂದ ಹೂಳು ಮೋರಿಯಲ್ಲಿ ಕಟ್ಟಿಕೊಳ್ಳುತ್ತದೆ, ಗದ್ದೆ ಮುಚ್ಚುತ್ತದೆ. ದಿನಗಟ್ಟಲೆ ಜಡಿಮಳೆ ಹಿಡಿದರೆ ಕಾನಿನ ಮಣ್ಣೂ ತುಂಬಿ ಹರಿಯುತ್ತದೆ, ಎಲ್ಲ ನೆರೆಯನ್ನೂ ಕಾಡು ತಡೆಯಲಾರದು. ಹಾಗಿದ್ದರೂ ಬೋಳುಗುಡ್ಡದಷ್ಟು ಹೂಳು ಅಲ್ಲಿಂದ ಬರುವುದಿಲ್ಲ.

ಪರಿಹಾರವೆಂದು ಎಲ್ಲೆಡೆ ಇಂಗುಗುಂಡಿ ತೋಡಿಸುತ್ತಿದ್ದಾರೆ. ಲೆಕ್ಕ ಹಾಕೋಣ. ದಿನಕ್ಕೆ 100 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4 ಲಕ್ಷ ಲೀಟರ್ ನೀರು. ಹತ್ತಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ಒಮ್ಮೆಗೆ ಹಿಡಿಯುವುದು ಸುಮಾರು 1,100 ಲೀಟರ್. ಎಕರೆಗೆ ನೂರು ಗುಂಡಿ ತೋಡಿದರೂ ಒಮ್ಮೆ ತುಂಬಿದಾಗ ಆ ಮಳೆಯ ಕಾಲುಭಾಗದಷ್ಟೇ ನಿಂತೀತು. ಕಡಿದಾದ ಇಳಿಜಾರಿನಲ್ಲಂತೂ ನಿಂತ ನೀರು ಮಣ್ಣಿನ ಭಾರ ಹೆಚ್ಚಿಸಿ ಗುಡ್ಡವನ್ನೇ ಜರಿಸಬಹುದು. ಅಂಥಲ್ಲಿ ಗುಂಡಿ ಬೇಡವೇ ಬೇಡ.

ಅಕೇಶಿಯಾ ಬೆಳೆಸಿದ್ದೇವಲ್ಲ ಎಂಬ ಸಮಾಧಾನವೂ ಸಲ್ಲದು. ದಿಮ್ಮಿಗಾಗಿ ಇಡೀ ಗುಡ್ಡವನ್ನು ಒಮ್ಮೆಗೇ ಬೋಳಿಸಿದರೆ, ದಿಮ್ಮಿ ಎಳೆದ ಜಾಡು, ಲಾರಿ ಓಡಾಡಿದ ದಾರಿ ಮುಂದಿನ ಮಳೆಗಾಲಕ್ಕೆ ಹಳ್ಳವಾಗುತ್ತವೆ. ಕಡಿಯಲೇಬೇಕಿದ್ದರೆ ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ, ವರ್ಷ ಬಿಟ್ಟು ವರ್ಷ ಕಡಿಯಲಿ. ಬುಡಗಳನ್ನು ಜೆಸಿಬಿಯಿಂದ ಕೀಳಿಸದಿರಲಿ. ಅಡಿಯಲ್ಲಿ ತಾನೇ ಹುಟ್ಟಿದ ನೇರಳೆ, ಮುರಗಲು, ಮತ್ತಿ ಸಸಿಗಳನ್ನು ಉಳಿಸಿಕೊಂಡರೆ ನರ್ಸರಿ ಗಿಡದ ಖರ್ಚೂ ಕಡಿಮೆ.

ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ದರಗು ತರಲು ಬಿಟ್ಟ ಕಾಡು) ಇರುವ ತೋಟಗಾರರಲ್ಲೂ ಒಂದು ವಿನಂತಿ: ದರಗನ್ನು ಪೂರ್ತಿ ಬಳಿಯಬೇಡಿ. ಬೆಟ್ಟವನ್ನು ಮೂರು ಭಾಗ ಮಾಡಿ ವರ್ಷಕ್ಕೆ ಒಂದರಲ್ಲಿ ಮಾತ್ರ ಗುಡಿಸಿ. ಹಳ್ಳದ ಹುಟ್ಟಿನ ಸುತ್ತ ಐವತ್ತಡಿ ಜಾಗಕ್ಕೆ ಕತ್ತಿಯೂ ಬೇಡ, ಬೆಂಕಿಯೂ ಬೇಡ. ಗ್ರಾಮ ಅರಣ್ಯ ಸಮಿತಿಗಳು ಈ ಬೇಸಿಗೆಯಲ್ಲೇ ಅಂಥ ಜಾಗಗಳನ್ನು ಗುರುತಿಸಿ, ಮಳೆಗೆ ಮುಂಚೆ ಬೇಲಿ ಕಟ್ಟಿಸಲಿ.

– ಕೃಷಿಕ ಓದುಗರು, ಹೊಸನಗರ ತಾಲ್ಲೂಕು