ಅದು ಯಾವ ಈಶ್ವರದ ಬರ?

ಪ್ರೀತಿಯ ತಮ್ಮ,

ನೀನು ಕಳಿಸಿದ ಕಟ್ಟು ಬಂದು ಹದಿನೈದು ದಿನ ಆಯ್ತು. ಎರಡು ಸಲ ಓದಿದೆ. ಕೆಲಸಕ್ಕೆ ಹೋಗಿಬಂದು, ಭಾನುವಾರ ಭಾನುವಾರ ಹಳ್ಳಿ ಸುತ್ತಿ ನಿಮ್ಮ ಕುಲದವರ ಚರಿತ್ರೆ ಬರೆದಿದ್ದೀಯ. ನಿನ್ನ ವಯಸ್ಸಿನಲ್ಲಿ ನನಗೆ ಇಷ್ಟು ತಾಳ್ಮೆ ಇರಲಿಲ್ಲ.

ಆದರೂ ಮೊದಲ ಅಧ್ಯಾಯ ಅಲ್ಲಿರುವುದು ಬೇಡ. ಬೇಜಾರು ಮಾಡ್ಕೋಬೇಡ. ವಿಜಯನಗರದ ದಂಡಿನಲ್ಲಿದ್ದೆವು, ರಾಜ್ಯ ಬಿದ್ದ ಮೇಲೆ ರಾತ್ರೋರಾತ್ರಿ ಹೊರಟೆವು, ತುಂಬಿದ ಹೊಳೆ ಎರಡು ಪಾಲಾಗಿ ದಾರಿ ಬಿಟ್ಟಿತು ಅಂತ ಬರೆದಿದ್ದೀಯಲ್ಲ, ಇದೇ ಕಥೆಯನ್ನು ಬೇರೆ ಬೇರೆ ಕುಲದವರ ಜಗಲಿಯಲ್ಲಿ ಕೂತು ನಾನು ಏಳೆಂಟು ಸಲ ಕೇಳಿದ್ದೇನೆ. ಹೊಳೆಯ ಹೆಸರು ಮಾತ್ರ ಬದಲಾಗುತ್ತದೆ. ಕಥೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾರು ಹೇಳಿದರು, ಯಾವ ಹಬ್ಬದಲ್ಲಿ ಹೇಳಿದರು, ಅದನ್ನು ಕೇಳಿ ಯಾರು ತಲೆ ಆಡಿಸಿದರು ಅಂತೆಲ್ಲ ಬರೆದು ಹಿಂದಕ್ಕೆ ಹಾಕು. ಎಲ್ಲಿಂದಲೋ ಬಂದದ್ದಕ್ಕೆ 40 ಪುಟ ಕೊಟ್ಟಿದ್ದೀಯ. ಬಂದ ಮೇಲೆ ಈ ಊರಿನಲ್ಲಿ ಏನು ಉಂಡರು, ಯಾರ ಹೊಲ ಉತ್ತರು, ಯಾವ ಬಾವಿಯ ನೀರು ಸೇದಿದರು ಅನ್ನೋದಕ್ಕೆ ನಾಲ್ಕೇ ಪುಟ. ನನಗೆ ಬೇಕಾದದ್ದು ಆ ನಾಲ್ಕು ಪುಟ.

ನನ್ನದೊಂದು ಎಡವಟ್ಟು ಹೇಳುತ್ತೇನೆ. ನನ್ನ ಮೊದಲ ಪುಸ್ತಕ ನಮ್ಮ ಸೀಮೆಯ ಒಂದು ಹಳ್ಳಿಯ ಬಗ್ಗೆ. ಅಲ್ಲಿನ ಅಜ್ಜಿಯೊಬ್ಬರು, "ನಮ್ಮೋರು ಈಶ್ವರದ ಬರದಲ್ಲಿ ಗುಳೆ ಬಂದೋರು" ಅಂದಿದ್ದರು. ನನಗೆ ಸಂತೋಷವೋ ಸಂತೋಷ. ಧಾತು, ಈಶ್ವರ ಎರಡೂ ಸಂವತ್ಸರ ಸುಟ್ಟ ಬರ ಅಂದರೆ 1876ರಿಂದ 78ರದ್ದು, ಯಾರಿಗೆ ಗೊತ್ತಿಲ್ಲ? 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು. 1881ಕ್ಕೆ 42 ಲಕ್ಷಕ್ಕೆ ಇಳಿದಿದ್ದರು. ಈ ಲೆಕ್ಕವನ್ನೆಲ್ಲ ಹಾಕಿ, ಅಜ್ಜಿಯ ಮಾತನ್ನು ಅದರ ಪಕ್ಕ ಇಟ್ಟು, ಅಳು ಬರುವ ಹಾಗೆ ಬರೆದೆ. ಪುಸ್ತಕ ಬಂದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಒಂದು ಕಾರ್ಡ್ ಹಾಕಿದರು. ಒಂದೇ ಸಾಲು: "ಅರವತ್ತು ವರ್ಷಕ್ಕೆ ಮತ್ತೆ ಈಶ್ವರ ಬರುತ್ತದಲ್ಲ ಸ್ವಾಮಿ, 1937ರದ್ದು ಯಾಕಾಗಬಾರದು?"

ಹೋಗಿ ಅಜ್ಜಿಯನ್ನು ಮತ್ತೆ ಕೇಳೋಣ ಅಂದರೆ ಅವರು ತೀರಿಕೊಂಡಿದ್ದರು.

ಆಮೇಲೆ ನಾನು ಇಸವಿ ಕೇಳುವುದನ್ನೇ ಬಿಟ್ಟೆ. ಪಕ್ಕದ ಸಂಗತಿ ಕೇಳುತ್ತೇನೆ. ಅವರು ಬಂದಾಗ ತುಮಕೂರಿಗೆ ರೈಲು ಇತ್ತಂತಾ? ಇದ್ದರೆ 1884ರ ಈಚೆ. ಪ್ಲೇಗು ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು ಅದಕ್ಕೆ ಮುಂಚೆಯೋ ಆಮೇಲೋ? ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ನಾಲ್ವಡಿಯವರು ತೀರಿಕೊಂಡಾಗ ನಿಮ್ಮ ತಾಯಿಗೆ ಮದುವೆ ಆಗಿತ್ತಾ? ಅದು 1940. ಹೀಗೆ ನಾಲ್ಕು ಗೂಟ ಹೊಡೆದರೆ ಹಸು ಎಲ್ಲಿ ಮೇಯುತ್ತಿದೆ ಅಂತ ಗೊತ್ತಾಗುತ್ತದೆ. ನಿನ್ನ ಬರಹದಲ್ಲಿ "ಸುಮಾರು 300 ವರ್ಷಗಳ ಹಿಂದೆ" ಅಂತ ಹನ್ನೊಂದು ಕಡೆ ಇದೆ. ಎಣಿಸಿದೆ. ಒಂದು ಕಡೆಯೂ ಗೂಟ ಇಲ್ಲ.

ಕಾಗದದ ಮೇಲೆ ಇದ್ದದ್ದೆಲ್ಲ ನಿಜ ಅಂತಲೂ ತಿಳಿಯಬೇಡ. ಟಿಪ್ಪು ಬಿದ್ದ ಮೇಲೆ, 1799ರಿಂದ ಕಂಪನಿ ಸರ್ಕಾರದ ಸರ್ವೆ ಅಧಿಕಾರಿ ಮೆಕೆಂಜಿ ಮೈಸೂರು ಸೀಮೆ ಅಳೆಯುತ್ತಾ ಊರೂರಿನ ಕೈಫಿಯತ್ತು, ಅಂದರೆ ಊರಿನವರು ಹೇಳಿದ ಹಳೆಯ ಸಂಗತಿಗಳ ದಾಖಲೆ, ಬರೆಸಿದ. ಬಂಗಾರದಂಥ ವಸ್ತು ಅವು. ಆದರೆ ಆ ಹೊತ್ತು ಯೋಚಿಸು. ಹೊಸ ದೊರೆತನ ಬಂದಿದೆ, ನೆಲ ಅಳೆಯುವವರು ಬಾಗಿಲಿಗೆ ಬಂದು ನಿಮ್ಮ ಹಳೆಯ ಕಥೆ ಹೇಳಿ ಅನ್ನುತ್ತಿದ್ದಾರೆ. ಇನಾಮು ಉಂಡವನು ತನ್ನ ಇನಾಮು ಹಳೆಯದು ಅಂತ ತಾನೇ ಹೇಳೋದು? ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಪುಸ್ತಕ, ಗೆಜೆಟಿಯರ್ ಕೂಡ ಹಾಗೇ. ಒಂದು ಕುಲವನ್ನು ಕಳ್ಳರು ಅಂತ ಬರೆದಿದ್ದರೆ ಅದು ಆ ಸಾಹೇಬನ ಮಾತು, ಅವನ ಹೆಸರಲ್ಲೇ ಹೇಳು. ನಿನ್ನ ವಾಕ್ಯ ಮಾಡ್ಕೋಬೇಡ.

ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ, ಅದು ಆಶ್ಚರ್ಯ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ನಮ್ಮ ಮನೆಗೂ ಒಬ್ಬ ಬರುತ್ತಿದ್ದ. ಬಟ್ಟೆ ಬಿಚ್ಚಿ ಪುಸ್ತಕ ತೆಗೆದು, ನಮ್ಮ ತಾತ ಮುತ್ತಾತರ ಹೆಸರನ್ನು ಉಸಿರು ಬಿಡದೆ ಹೇಳುತ್ತಿದ್ದ. ಒಂದು ವರ್ಷ ಮುತ್ತಾತನ ಎರಡನೇ ಹೆಂಡತಿಯ ಮಕ್ಕಳ ಹೆಸರಿಗೆ ಬಂದ. ದೊಡ್ಡಪ್ಪ ಕೆಮ್ಮಿದರು. ಒಳಗಿನಿಂದ ಇನ್ನೊಂದು ಮೊರ ರಾಗಿ ತರಿಸಿ ಅವನ ಚೀಲಕ್ಕೆ ಹಾಕಿಸಿದರು. ಅವನು ಹಾಳೆ ಮಗುಚಿದ. ಮುಂದಿನ ವರ್ಷದಿಂದ ಆ ಹೆಸರು ನಮ್ಮ ಅಂಗಳದಲ್ಲಿ ಕೇಳಲೇ ಇಲ್ಲ. ಆ ಕವಲಿನವರು ಆರು ಮೈಲಿ ಆಚೆ ಇದ್ದಾರೆ. ಅವರ ಅಂಗಳದಲ್ಲಿ ಅವನು ಏನು ಓದುತ್ತಿದ್ದನೋ ಕೇಳಿಕೊಂಡು ಬರಲು ನನಗೆ ಮೂವತ್ತು ವರ್ಷ ಬೇಕಾಯ್ತು. ಪುಸ್ತಕದಲ್ಲಿ ಹೆಸರು ಹಾಗೇ ಇತ್ತು. ಓದುವುದನ್ನಷ್ಟೇ ಬಿಟ್ಟಿದ್ದ, ಪುಣ್ಯಾತ್ಮ. ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರು ಮಾತ್ರ ಎರಡೂ ಕಡೆ ಇರಲಿಲ್ಲ.

ನಿನಗೂ ಯಾರೋ ಒಂದು ಮೊರ ರಾಗಿ ಹಾಕುತ್ತಾರೆ, ನೋಡ್ತಾ ಇರು. ಸಂಘದವರು ಮುದ್ರಣದ ಖರ್ಚು ಕೊಡ್ತೀವಿ ಅಂದಿದ್ದಾರೆ ಅಂತ ಬರೆದಿದ್ದೀಯ. ದುಡ್ಡು ತಗೋ, ಬೇಡ ಅನ್ನಲ್ಲ. ಕರಡು ಮಾತ್ರ ಮೊದಲು ತೋರಿಸಬೇಡ. ನಿಮ್ಮವರ ಹೊಲದಲ್ಲಿ ಜೀತಕ್ಕಿದ್ದವರ ಮನೆಗೂ ಹೋಗಿದ್ದೀಯಾ? ನಿಮ್ಮ ಚರಿತ್ರೆಯ ಅರ್ಧ ಅವರ ಹತ್ತಿರ ಇರುತ್ತದೆ.

ಇನ್ನು ಕಲ್ಲು. ಕೆರೆ ಏರಿಯ ವೀರಗಲ್ಲಿನ ಅಕ್ಷರ ಓದಲಾಗಲಿಲ್ಲ ಅಂದಿದ್ದೀಯ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿದ್ದರೆ ಯಾರಿಗೂ ಆಗಲ್ಲ. ಸೀಮೆಸುಣ್ಣ ಬಳಿಯಬೇಡ, ಮೊಳೆಯಿಂದ ಕೆರೆಯಬೇಡ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ಓರೆಯಾಗಿ ಬೆಳಕು ಬಿಡು. ಹಗಲು ಕಾಣದ ಕೊಂಬು, ದೀರ್ಘ ಎಲ್ಲ ಎದ್ದು ನಿಲ್ಲುತ್ತವೆ. ಅಲ್ಲಿ ರಾಜನ ಹೆಸರು ಸಿಗದಿದ್ದರೆ ಮುಖ ಸಣ್ಣಗೆ ಮಾಡ್ಕೋಬೇಡ. ಬೇಗೂರಿನ ಕಲ್ಲನ್ನೇ ನೋಡು, ಸುಮಾರು 890ರದ್ದು. ಬೆಂಗಳೂರಿನ ಹೆಸರು ಅಲ್ಲಿ ಬಂದಿರುವುದು ಕಾಳೆಗದಲ್ಲಿ ಬುಟ್ಟಣಸೆಟ್ಟಿ ಅನ್ನುವವನು ಸತ್ತ ಅಂತ ಹೇಳುವುದಕ್ಕೆ.

ನಿನ್ನ ಕಟ್ಟಿನಲ್ಲಿ ನನಗೆ ಬಹಳ ಹಿಡಿಸಿದ್ದು 112ನೇ ಪುಟದ ಅಡಿಯ ಒಂದು ಸಾಲು. "ವರ್ಷಕ್ಕೊಮ್ಮೆ ಊರವರು ಪಕ್ಕದ ಬೇಚರಾಕ್ ಗ್ರಾಮದ ಹನುಮಪ್ಪನಿಗೆ ಎಡೆ ಇಡುತ್ತಾರೆ." ಅಷ್ಟೇ ಬರೆದು ಮುಂದೆ ಹೋಗಿಬಿಟ್ಟಿದ್ದೀಯ! ಬೇಚರಾಕ್ ಅಂದರೆ ಗೊತ್ತಲ್ಲ, ಫಾರಸಿಯ ಚಿರಾಗ್, ದೀಪ. ದೀಪ ಹಚ್ಚುವವರು ಇಲ್ಲದ ಊರು. ಕಂದಾಯದ ಲೆಕ್ಕದಲ್ಲಿ ಊರು, ನೆಲದ ಮೇಲೆ ಬರೀ ಹೊಲ. ಯಾರೂ ಇಲ್ಲದ ಊರಿನ ದೇವರಿಗೆ ನಿಮ್ಮವರು ಯಾಕೆ ಎಡೆ ಇಡುತ್ತಾರೆ? ನಿಮ್ಮವರು ಹಂಪಿಯಿಂದ ಬಂದರೋ, ಎರಡು ಮೈಲಿ ಆಚೆಯ ಈ ಹಾಳೂರಿನಿಂದ ಎದ್ದು ಬಂದರೋ?

ತಾಲೂಕು ಕಚೇರಿಯಲ್ಲಿ ಆ ಊರಿನ ಗ್ರಾಮ ನಕ್ಷೆಗೆ ಅರ್ಜಿ ಹಾಕು. ಹಳೆಯ ಬಾವಿ, ಹುಣಸೆ ಮರ ಎಲ್ಲಿವೆ ಗುರುತು ಮಾಡ್ಕೋ. ಈ ಸಲ ಎಡೆ ಇಡುವ ದಿನ ಗೊತ್ತಾದ ತಕ್ಷಣ ಫೋನ್ ಮಾಡು, ನಾನೂ ಬರುತ್ತೇನೆ. ನನಗೀಗ ಮಂಡಿ ನೋವು. ಹನುಮಪ್ಪನ ಗುಡಿ ತನಕ ಬೈಕ್ ಹೋಗುತ್ತಾ, ಕೇಳಿ ಹೇಳು.

ಇಂತಿ ನಿನ್ನ ಅಣ್ಣ